ಮಾತ್ರೆಯ ಬಣ್ಣ ಬದಲಾಗಿದೆ, ನುಂಗಲೋ ಬೇಡವೋ?

ಕಳೆದ ಸಲ ಈ ಅಂಕಣದಲ್ಲಿ ಮಾತ್ರೆಯನ್ನು ಅರ್ಧ ಮುರಿಯುವ ವಿಷಯ ಬರೆದಿದ್ದೆ. ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೆ: ಒಂದೇ ಔಷಧವನ್ನು ಹತ್ತು ಕಂಪನಿ ಮಾಡುತ್ತವೆ, ಹತ್ತೂ ಒಂದೇ ಥರ ಇರುವುದಿಲ್ಲ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ಕೆಲವರು ಹೆದರಿದ್ದಾರೆ, ಕೆಲವರು ನನ್ನನ್ನೇ ಗದರಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಮಾತ್ರೆ ತಯಾರಿಸುವ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮಾತ್ರೆಯ ಒಳಗೇನಿದೆ ಎಂದು ನಾನು ಹೇಳಬಲ್ಲೆ. ನಿಮ್ಮ ಮೈಯೊಳಗೆ ಏನಾಗುತ್ತಿದೆ ಎಂದು ನಿಮ್ಮ ಡಾಕ್ಟರೇ ಹೇಳಬೇಕು.

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಎಂಟು ವರ್ಷದಿಂದ ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆ ತಗೊಳ್ಳುತ್ತಿದ್ದೇನೆ. ಮೂರು ತಿಂಗಳ ಹಿಂದೆ ನಮ್ಮ ಮಾಮೂಲಿ ಕಂಪನಿಯದು ಇಲ್ಲವೆಂದು ಬೇರೆಯದು ಕೊಟ್ಟರು. ಆಮೇಲೆ ಸುಸ್ತು, ಕೂದಲು ಉದುರುವುದು ಶುರುವಾಯಿತು. ಟಿಎಸ್‌ಎಚ್ 2.4 ಇದ್ದದ್ದು 7.1 ಆಗಿದೆ. ಮನೆಯವರು ‘ಎಲ್ಲಾ ನಿನ್ನ ಭ್ರಮೆ’ ಅನ್ನುತ್ತಾರೆ. ಎರಡರಲ್ಲೂ ಇರುವುದು ಒಂದೇ ಔಷಧ ಅಲ್ವಾ?

ಭ್ರಮೆಯಿಂದ ಟಿಎಸ್‌ಎಚ್ ಏರುವುದಿಲ್ಲ. ಮೈಗೆ ಥೈರಾಯ್ಡ್ ಹಾರ್ಮೋನ್ ಸಾಲದಿದ್ದಾಗ ರಕ್ತದಲ್ಲಿ ಏರುವುದು ಅದು. ಇದನ್ನು ಮೊದಲು ಮನೆಯವರಿಗೆ ಓದಿ ಹೇಳಿ.

ಹಾಗೆಂದು ಹೊಸ ಕಂಪನಿಯ ಮೇಲೆ ತಕ್ಷಣ ತಪ್ಪು ಹೊರಿಸುವುದೂ ಬೇಡ. ಈ ಮೂರು ತಿಂಗಳಲ್ಲಿ ಬೇರೆ ಏನಾದರೂ ಬದಲಾಗಿದೆಯೇ ನೆನಪು ಮಾಡಿಕೊಳ್ಳಿ. ಕಬ್ಬಿಣದ ಮಾತ್ರೆ ಅಥವಾ ಕ್ಯಾಲ್ಸಿಯಂ ಹೊಸದಾಗಿ ಶುರು ಮಾಡಿದ್ದೀರಾ? ಅವು ಥೈರಾಯ್ಡ್ ಔಷಧವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕು. ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದವರು ಊಟ ತಿಂಡಿಯ ಜೊತೆ ನುಂಗಲು ಶುರು ಮಾಡಿದರೂ ಹೀಗಾಗುತ್ತದೆ. ಅದ್ಯಾವುದೂ ಅಲ್ಲವೆಂದರೆ ಮಾತ್ರೆಯ ಕಡೆ ನೋಡೋಣ.

75 ಮೈಕ್ರೋಗ್ರಾಂ ಅಂದರೆ ಎಷ್ಟು ಗೊತ್ತಾ? ಒಂದು ಮಿಲಿಗ್ರಾಂ ಅನ್ನು ಹದಿಮೂರು ಪಾಲು ಮಾಡಿ ಒಂದು ಪಾಲು ತೆಗೆದರೆ ಹೆಚ್ಚೂಕಡಿಮೆ ಅಷ್ಟು. ಮಾತ್ರೆ 100 ಮಿಲಿಗ್ರಾಂ ತೂಗಿದರೆ ಅದರ ಸಾವಿರದಲ್ಲಿ ಒಂದು ಭಾಗವೂ ಔಷಧವಲ್ಲ. ಉಳಿದದ್ದೆಲ್ಲ ಗಾತ್ರಕ್ಕೆಂದು ಹಾಕಿದ ಪುಡಿ. ಲ್ಯಾಕ್ಟೋಸ್, ಸ್ಟಾರ್ಚ್, ಸೆಲ್ಯುಲೋಸ್, ಹೀಗೆ. ಒಂದು ಮೂಟೆ ಮರಳಿಗೆ ಒಂದು ಚಿಟಿಕೆ ಬಣ್ಣ ಹಾಕಿ, ತೆಗೆದ ಪ್ರತಿ ಚಮಚದಲ್ಲೂ ಅಷ್ಟಷ್ಟೇ ಬಣ್ಣ ಇರಬೇಕು ಅಂದ ಹಾಗೆ ಇದು. ಒಂದೇ ಸಲ ಸುರಿದು ತಿರುವಿದರೆ ಆಗುವ ಕೆಲಸವಲ್ಲ. ಮೊದಲು ಔಷಧದಷ್ಟೇ ಪುಡಿ ಸೇರಿಸಿ ಕಲಸಬೇಕು. ಆ ಮಿಶ್ರಣದಷ್ಟೇ ಪುಡಿ ಮತ್ತೆ ಸೇರಿಸಬೇಕು. ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ, ಹೊತ್ತು ಉಳಿಸುವ ಆಸೆ ಎಲ್ಲ ಕಾರ್ಖಾನೆಗೂ ಇರುತ್ತದೆ. ಅದಕ್ಕೇ ಲ್ಯಾಬಿನಲ್ಲಿ 10 ಮಾತ್ರೆಗಳನ್ನು ಒಂದೊಂದಾಗಿ ಕರಗಿಸಿ ಅಳೆಯುತ್ತಿದ್ದೆವು. ಹತ್ತನ್ನೂ ಒಟ್ಟಿಗೆ ಅರೆದು ಅಳೆದರೆ ಒಂದರ ಜಾಸ್ತಿ ಇನ್ನೊಂದರ ಕಡಿಮೆಯನ್ನು ಮುಚ್ಚಿಬಿಡುತ್ತದೆ.

ಇನ್ನೊಂದು ತೊಂದರೆ ಬಾಳಿಕೆಯದು. ಈ ಔಷಧಕ್ಕೆ ಬಿಸಿಯೂ ಆಗದು, ತೇವವೂ ಆಗದು, ಬೆಳಕೂ ಆಗದು. ದಿನ ಕಳೆದಂತೆ ಸವೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಇದೊಂದು ಔಷಧಕ್ಕೆ ನಿಯಮ ಬಿಗಿ ಮಾಡಿತು. ಅದಕ್ಕೆ ಮುಂಚೆ ಲೇಬಲ್ಲಿನಲ್ಲಿ ಬರೆದದ್ದರ 90ರಿಂದ 110 ಪರ್ಸೆಂಟ್ ಇದ್ದರೆ ನಡೆಯುತ್ತಿತ್ತು. ಆಮೇಲೆ 95ರಿಂದ 105. ಅದೂ ಎಕ್ಸ್‌ಪೈರಿಯ ಕೊನೆಯ ದಿನದವರೆಗೆ.

ಕಂಪನಿ ಬದಲಾಗದೆಯೂ ಗಲಾಟೆ ಆಗಿದ್ದುಂಟು. 2017ರಲ್ಲಿ ಫ್ರಾನ್ಸಿನಲ್ಲಿ ಲೆವೊಥೈರಾಕ್ಸ್ ಅನ್ನುವ ಹೆಸರಾಂತ ಥೈರಾಯ್ಡ್ ಬ್ರ್ಯಾಂಡ್ ತನ್ನ ಮಾತ್ರೆಯಿಂದ ಲ್ಯಾಕ್ಟೋಸ್ ತೆಗೆದು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆ್ಯಸಿಡ್ ಹಾಕಿತು. ಔಷಧ ಸವೆಯದೆ ಉಳಿಯಲಿ ಅನ್ನುವ ಒಳ್ಳೆಯ ಉದ್ದೇಶವೇ. ಸಾವಿರಾರು ಜನ ಸುಸ್ತು, ತಲೆನೋವು, ಕೂದಲು ಉದುರುವುದು ಅಂತ ದೂರು ಕೊಟ್ಟರು. ಔಷಧ ಅದೇ, ಪ್ರಮಾಣ ಅದೇ, ಕಂಪನಿಯೂ ಅದೇ.

ಈಗ ನೀವು ಮಾಡಬೇಕಾದ್ದು ಇಷ್ಟು. ಹಳೆಯ ಮತ್ತು ಹೊಸ ಸ್ಟ್ರಿಪ್ ಎರಡನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಹಳೆಯದಕ್ಕೆ ಮರಳಿದರೂ ಸರಿ, ಹೊಸದರಲ್ಲೇ ಉಳಿದು ಪ್ರಮಾಣ ಸರಿಪಡಿಸಿಕೊಂಡರೂ ಸರಿ. 6ರಿಂದ 8 ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ಮಾಡಿಸಿ. ಅದಕ್ಕೆ ಮುಂಚೆ ಮಾಡಿಸಿದರೆ ಅದು ಹಳೆಯ ಕಥೆಯನ್ನೇ ಹೇಳುತ್ತಿರುತ್ತದೆ. ನೀವಾಗಿ ಒಂದೂವರೆ ಮಾತ್ರೆ ನುಂಗಲು ಹೋಗಬೇಡಿ.

ಪ್ರಶ್ನೆ: ಜೆನೆರಿಕ್ ಮಾತ್ರೆಯಲ್ಲಿ ಔಷಧ 20 ಪರ್ಸೆಂಟ್ ಕಡಿಮೆ ಇದ್ದರೂ ಪಾಸಂತೆ, 25 ಪರ್ಸೆಂಟ್ ಜಾಸ್ತಿ ಇದ್ದರೂ ಪಾಸಂತೆ. ನಿಯಮದಲ್ಲೇ ಹಾಗಿದೆ ಎಂದು ನನ್ನ ಅಳಿಯ ಫೋನಿನಲ್ಲಿ ತೋರಿಸಿದ. ಇದು ನಿಜವೇ? ಇಂಥದ್ದನ್ನು ಹೇಗೆ ಒಪ್ಪುತ್ತಾರೆ?

ಈ ಮಾತನ್ನು ನನಗೆ ಹೇಳದ ನೆಂಟರಿಲ್ಲ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು ಕೂಡ ಹೇಳಿದ್ದಾರೆ. ನಿಮ್ಮ ಅಳಿಯ ತೋರಿಸಿದ ಸಂಖ್ಯೆ ನಿಜ, ಅರ್ಥ ತಪ್ಪು.

ಮಾತ್ರೆಯಲ್ಲಿ ಎಷ್ಟು ಔಷಧ ಇದೆ ಅನ್ನುವುದು ಒಂದು ಲೆಕ್ಕ. ರಕ್ತಕ್ಕೆ ಎಷ್ಟು ಹೋಯಿತು ಅನ್ನುವುದು ಬೇರೆ ಲೆಕ್ಕ. ಮೂಲ ಕಂಪನಿಯ ಮಾತ್ರೆಯದನ್ನು 100 ಎಂದಿಟ್ಟುಕೊಂಡರೆ 20 ಕಡಿಮೆ ಅಂದರೆ 80, 25 ಜಾಸ್ತಿ ಅಂದರೆ 125. ಈ 80 ಮತ್ತು 125 ಬರುವುದು ಎರಡನೆಯದರಲ್ಲಿ. ಸಾಮಾನ್ಯವಾಗಿ ಎರಡು ಮೂರು ಡಜನ್ ಆರೋಗ್ಯವಂತರನ್ನು ಕರೆಯುತ್ತಾರೆ. ಅರ್ಧ ಜನಕ್ಕೆ ಮೊದಲು ಮೂಲ ಕಂಪನಿಯ ಮಾತ್ರೆ, ಉಳಿದವರಿಗೆ ಜೆನೆರಿಕ್, ಅಂದರೆ ಅದೇ ಔಷಧದ ಬೇರೆ ಕಂಪನಿಯ ಮಾತ್ರೆ. ಮೈಯಿಂದ ಔಷಧ ಪೂರ್ತಿ ಹೋಗುವವರೆಗೆ ಬಿಟ್ಟು, ಆಮೇಲೆ ಅದಲುಬದಲು. ಹೊತ್ತು ಹೊತ್ತಿಗೆ ರಕ್ತ ತೆಗೆಯುತ್ತಾರೆ. ಔಷಧ ಅತಿ ಹೆಚ್ಚು ಏರಿದ್ದು ಎಷ್ಟಕ್ಕೆ, ಒಟ್ಟು ರಕ್ತಕ್ಕೆ ಸೇರಿದ್ದು ಎಷ್ಟು, ಈ ಎರಡನ್ನು ಹೋಲಿಸುತ್ತಾರೆ.

ಎಷ್ಟೇ ಎಚ್ಚರದಿಂದ ಅಳೆದರೂ ಸರಾಸರಿಯ ಅಕ್ಕಪಕ್ಕ ಒಂದಿಷ್ಟು ಅನುಮಾನ ಉಳಿಯುತ್ತದೆ. ಆ ಅನುಮಾನದ ಅಗಲವೂ ಸೇರಿ 80ರಿಂದ 125ರ ಒಳಗೇ ಇರಬೇಕು. ನಿಯಮ ಹೇಳುವುದು ಇದನ್ನು. ಒಂದು ಕಂಪನಿಯ ಸರಾಸರಿ 82 ಬಂತು ಅಂದುಕೊಳ್ಳಿ. ಅದರ ಎಡಬದಿಯ ತುದಿ 80ರ ಗೆರೆ ದಾಟಿ ಆಚೆ ಬೀಳುವುದು ಹೆಚ್ಚೂಕಡಿಮೆ ಖಚಿತ. ಅಲ್ಲಿಗೆ ಫೇಲ್. ಪಾಸಾಗಬೇಕಾದರೆ ಸರಾಸರಿ 100ರ ಹತ್ತಿರವೇ ಸುಳಿದಾಡಬೇಕು. ಈ ಕಡೆ 20, ಆ ಕಡೆ 25 ಯಾಕೆ ಅಂತ ಕೇಳುವವರಿಗೆ: 100ಕ್ಕೆ 80 ಹೇಗೋ 125ಕ್ಕೆ 100 ಹಾಗೆ. ಲೆಕ್ಕ ಹಾಕಿ ನೋಡಿ.

ಅಮೆರಿಕದಲ್ಲಿ 1996ರಿಂದ 2007ರವರೆಗೆ ನಡೆದ ಇಂಥ 2,070 ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದ್ದರು. 2009ರಲ್ಲಿ ಅದು ಪ್ರಕಟವಾಯಿತು. ರಕ್ತಕ್ಕೆ ಸೇರಿದ ಒಟ್ಟು ಔಷಧದಲ್ಲಿ ಮೂಲ ಮಾತ್ರೆಗೂ ಜೆನೆರಿಕ್‌ಗೂ ಇದ್ದ ಸರಾಸರಿ ವ್ಯತ್ಯಾಸ 3.56 ಪರ್ಸೆಂಟ್.

ಇಷ್ಟು ಹೇಳಿ ಮುಗಿಸಿದರೆ ನಾನು ಕಂಪನಿಗಳ ವಕೀಲಳಾಗುತ್ತೇನೆ. ತಪ್ಪಿದ್ದೂ ಇದೆ. ಬುಪ್ರೊಪಿಯಾನ್ ಅನ್ನುವ ಖಿನ್ನತೆಯ ಔಷಧ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ 300 ಮಿಲಿಗ್ರಾಂ ಮಾತ್ರೆ. ಅದರ ಒಂದು ಜೆನೆರಿಕ್‌ಗೆ ಒಪ್ಪಿಗೆ ಸಿಕ್ಕಿದ್ದು 150 ಮಿಲಿಗ್ರಾಂ ಮಾತ್ರೆಯ ಪರೀಕ್ಷೆ ನೋಡಿ. ಅರ್ಧ ಸರಿ ಇದ್ದರೆ ಇಡಿಯದೂ ಸರಿ ಇರುತ್ತದೆ ಅನ್ನುವ ಲೆಕ್ಕ. ಮಾರುಕಟ್ಟೆಗೆ ಬಂದ ಮೇಲೆ ರೋಗಿಗಳು ‘ಇದು ಕೆಲಸ ಮಾಡುತ್ತಿಲ್ಲ, ತಲೆನೋವು, ಹೊಟ್ಟೆ ತೊಳಸುತ್ತದೆ’ ಎಂದು ಬರೆಯತೊಡಗಿದರು. ಮೊದಮೊದಲು ಅವರಿಗೆ ಸಿಕ್ಕಿದ ಉತ್ತರ ಮೇಲಿನ ಪತ್ರದ ಮನೆಯವರು ಹೇಳಿದಂಥದ್ದೇ. ಕೊನೆಗೆ ಎಫ್‌ಡಿಎ ತಾನೇ 300 ಮಿಲಿಗ್ರಾಂ ಮಾತ್ರೆಯನ್ನು ಜನರಲ್ಲಿ ಪರೀಕ್ಷೆ ಮಾಡಿಸಿತು. ರಕ್ತಕ್ಕೆ ಹೋಗುವ ವೇಗವೂ ಸರಿಯಿಲ್ಲ, ಪ್ರಮಾಣವೂ ಸರಿಯಿಲ್ಲ. 2012ರಲ್ಲಿ ಆ ಮಾತ್ರೆಯನ್ನು ವಾಪಸ್ ತೆಗೆದರು. ದೂರಿದವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಇನ್ನೊಂದು ವಿಷಯ ನಿಮ್ಮ ಅಳಿಯನಿಗೆ ಗೊತ್ತಿರಲಿಕ್ಕಿಲ್ಲ. ಜನರ ಮೇಲೆ ಮಾಡುವ ಈ ಪರೀಕ್ಷೆ ಒಪ್ಪಿಗೆ ಪಡೆಯುವಾಗ ಒಂದು ಬ್ಯಾಚಿನ, ಅಂದರೆ ಒಂದು ಸಲಕ್ಕೆ ಮಾಡಿದ ಮಾತ್ರೆಗಳ ಮೇಲೆ ನಡೆಯುತ್ತದೆ. ಆಮೇಲೆ ಬರುವ ನೂರು, ಸಾವಿರ ಬ್ಯಾಚಿಗೆ ಯಾರೂ ರಕ್ತ ಕೊಡುವುದಿಲ್ಲ. ಅವನ್ನು ಕಾಯುವುದು ಲ್ಯಾಬಿನ ಪರೀಕ್ಷೆ. ನನ್ನ ಭಯ ಇರುವುದು 80, 125ರಲ್ಲಿ ಅಲ್ಲ, ಇಲ್ಲಿ.

ಪ್ರಶ್ನೆ: ಎರಡು ಕಂಪನಿಯ ಒಂದೇ ಮಾತ್ರೆಯನ್ನು ಎರಡು ಲೋಟ ನೀರಿಗೆ ಹಾಕಿ ನೋಡಿದೆ. ಒಂದು ಎರಡು ನಿಮಿಷಕ್ಕೆ ಒಡೆದು ಪುಡಿಯಾಯಿತು. ಇನ್ನೊಂದು ಹತ್ತು ನಿಮಿಷ ಆದರೂ ಕಲ್ಲಿನ ಹಾಗೇ ಇತ್ತು. ಕಲ್ಲಿನಂಥದ್ದು ಕಳಪೆ ಅಂತ ಅರ್ಥ ಅಲ್ವಾ?

ಕುತೂಹಲಕ್ಕೆ ಶಭಾಷ್. ಆದರೆ ಲೋಟದ ತೀರ್ಪು ನಂಬಬೇಡಿ.

ಪದರ ಇಲ್ಲದ ಸಾದಾ ಮಾತ್ರೆಗೆ ಒಡೆಯಲು ಸಾಮಾನ್ಯವಾಗಿ 15 ನಿಮಿಷದ ಗಡುವು. ಹತ್ತು ನಿಮಿಷಕ್ಕೆ ನೀವು ಕೈಬಿಟ್ಟಿರಿ! ತೆಳು ಪದರ ಇದ್ದರೆ 30 ನಿಮಿಷ. ಜಠರದ ಆಮ್ಲದಲ್ಲಿ ಒಡೆಯದೆ ಕರುಳಿನಲ್ಲಿ ಒಡೆಯಲೆಂದು ಮಾಡಿದ ಮಾತ್ರೆ ಎರಡು ಗಂಟೆ ಆಮ್ಲದಲ್ಲಿ ಗಟ್ಟಿಯಾಗಿಯೇ ಇರಬೇಕು. ಅದು ಬೇಗ ಒಡೆದರೆ ಫೇಲ್. ನಿಧಾನವಾಗಿ ಬಿಡುಗಡೆಯಾಗುವ ಕೆಲವು ಮಾತ್ರೆಗಳ ಚಿಪ್ಪು ಇಡಿಯಾಗಿ ಮಲದಲ್ಲಿ ಹೊರಗೆ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಪತ್ರ ಬರೆದವರೂ ಇದ್ದಾರೆ. ಒಳಗಿನ ಔಷಧ ಅಷ್ಟರಲ್ಲಿ ಖಾಲಿಯಾಗಿರುತ್ತದೆ.

ಒಡೆಯುವುದು ಬೇರೆ, ಕರಗುವುದು ಬೇರೆ. ಇದನ್ನು ನಾನು ಕಲಿತ ದಿನ ಚೆನ್ನಾಗಿ ನೆನಪಿದೆ. ಲ್ಯಾಬಿನ ಮೂಲೆಯಲ್ಲಿ ಕರಗಿಸುವ ಯಂತ್ರ ಇತ್ತು. ಬೆಚ್ಚಗಿನ ನೀರಿನ ತೊಟ್ಟಿ, ಅದರಲ್ಲಿ ದುಂಡು ತಳದ ಆರು ಗಾಜಿನ ಜಾರ್. ಪ್ರತಿ ಜಾರಿನಲ್ಲಿ 900 ಮಿಲಿಲೀಟರ್ ದ್ರವ, 37 ಡಿಗ್ರಿ, ಅಂದರೆ ಮೈಯಷ್ಟೇ ಬಿಸಿ. ಮೇಲಿಂದ ಇಳಿಬಿಟ್ಟ ದೋಣಿಯ ಹುಟ್ಟಿನಂಥ ಕಡ್ಡಿಗಳು ನಿಮಿಷಕ್ಕೆ 50 ಸುತ್ತು ತಿರುಗುತ್ತವೆ. ಆರು ಮಾತ್ರೆ ಬಿಟ್ಟು, 45 ನಿಮಿಷಕ್ಕೆ ಸಿರಿಂಜಿನಲ್ಲಿ ದ್ರವ ತೆಗೆದು, ಎಷ್ಟು ಔಷಧ ಕರಗಿದೆ ಎಂದು ಅಳೆಯಬೇಕು.

ಅದು ಮಧುಮೇಹದ ಒಂದು ಮಾತ್ರೆ. ಪ್ರತಿ ಬ್ಯಾಚೂ 90 ಪರ್ಸೆಂಟ್ ದಾಟುತ್ತಿತ್ತು. ಆ ದಿನ ಮಾತ್ರೆಗಳು ಸರಿಯಾಗೇ ಒಡೆದವು. ಆದರೆ ಪುಡಿ ಒದ್ದೆಯಾಗಲೇ ಇಲ್ಲ. ಒಂದಿಷ್ಟು ಮೇಲೆ ತೇಲಿತು, ಉಳಿದದ್ದು ಹುಟ್ಟಿನ ಕೆಳಗೆ ಪುಟ್ಟ ಗೋಪುರ ಕಟ್ಟಿಕೊಂಡು ಕೂತಿತು. ನೀರು ಅದರ ಸುತ್ತ ತಿರುಗುತ್ತಿತ್ತು, ಗೋಪುರ ಅಲ್ಲಾಡಲಿಲ್ಲ. ಲೆಕ್ಕ ಹಾಕಿದರೆ 61. ಅದೇ ಬ್ಯಾಚಿನ ಮಾತ್ರೆ ಅರೆದು ಒಟ್ಟು ಔಷಧ ಅಳೆದರೆ 99.4. ಅಂದರೆ ಔಷಧ ಪೂರ್ತಿ ಇದೆ, ಹೊರಗೆ ಬರುತ್ತಿಲ್ಲ.

ಕಾರಣ ಮ್ಯಾಗ್ನೀಷಿಯಂ ಸ್ಟಿಯರೇಟ್. ಮಾತ್ರೆ ಒತ್ತುವಾಗ ಅಚ್ಚಿಗೆ ಅಂಟದಿರಲಿ ಎಂದು ಕೊನೆಯಲ್ಲಿ ಚೂರೇ ಚೂರು ಹಾಕುವ ಪುಡಿ. ಜಿಡ್ಡಿನ ಸ್ವಭಾವದ್ದು, ನೀರು ಹತ್ತಗೊಡುವುದಿಲ್ಲ. ಅದನ್ನು ಹಾಕಿದ ಮೇಲೆ ಮಿಶ್ರಣವನ್ನು ಐದು ನಿಮಿಷ ತಿರುಗಿಸಿ ನಿಲ್ಲಿಸಬೇಕು. ಆ ದಿನ ಆಪರೇಟರ್ ಯಾರೋ ಕರೆದರೆಂದು ಹೊರಗೆ ಹೋಗಿದ್ದರು, ಕಲಸುವ ಯಂತ್ರ 25 ನಿಮಿಷ ತಿರುಗಿತ್ತು. ಔಷಧದ ಪ್ರತಿ ಕಣಕ್ಕೂ ಜಿಡ್ಡಿನ ಅಂಗಿ ತೊಡಿಸಿದ ಹಾಗಾಗಿತ್ತು. ಬೇರೇನೂ ತಪ್ಪಾಗಿರಲಿಲ್ಲ. ಕಂಪನಿ ಅದೇ, ಕಚ್ಚಾ ಮಾಲು ಅದೇ, 20 ನಿಮಿಷ ಜಾಸ್ತಿ, ಅಷ್ಟೇ.

ತಿಂಗಳ ಕೊನೆ, ಮಾಲು ಹೊರಡಬೇಕು. ಮೇಲಿನವರು ‘ಇನ್ನೊಂದ್ಸಲ ಹಾಕಿ ನೋಡಿ ಅಮ್ಮ, ಪಾಸಾಗುತ್ತದೆ’ ಅಂದರು. ಪಾಸಾಗುವವರೆಗೆ ಪರೀಕ್ಷೆ ಮಾಡುವುದು ಈ ಕಸುಬಿನ ಹಳೇ ರೋಗ. 1993ರಲ್ಲಿ ಅಮೆರಿಕದ ಒಂದು ನ್ಯಾಯಾಲಯವೇ, ಫೇಲ್ ಆದದ್ದಕ್ಕೆ ಕಾರಣ ಹುಡುಕದೆ ಮತ್ತೆ ಮತ್ತೆ ಪರೀಕ್ಷೆ ಮಾಡಿ ಪಾಸ್ ಮಾಡುವಂತಿಲ್ಲ ಎಂದು ತೀರ್ಪು ಕೊಡಬೇಕಾಯಿತು. ನಾನು ಸಹಿ ಹಾಕಲಿಲ್ಲ. ಆ ಬ್ಯಾಚ್ ಹೊರಗೆ ಹೋಗಲಿಲ್ಲ. ನನ್ನನ್ನು ಮಾತ್ರ ಎಂಟು ತಿಂಗಳು ಗೋದಾಮಿಗೆ ಹಾಕಿದರು.

ನಿಮ್ಮ ಲೋಟದಲ್ಲಿ ಆ ಮಾತ್ರೆ ಹಾಕಿದ್ದರೆ ಎರಡು ನಿಮಿಷಕ್ಕೆ ಒಡೆದು ಪುಡಿಯಾಗುತ್ತಿತ್ತು. ಒಳ್ಳೆಯದು ಅಂತ ನೀವು ನಂಬರ್ ಕೊಡುತ್ತಿದ್ದಿರಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಮೂರ್ಛೆ ರೋಗಕ್ಕೆ ಫೆನಿಟಾಯಿನ್ ತಗೊಳ್ಳುತ್ತಾನೆ, ಎರಡು ವರ್ಷದಿಂದ ಫಿಟ್ಸ್ ಬಂದಿಲ್ಲ. ಡಾಕ್ಟರು ‘ಯಾವ ಕಾರಣಕ್ಕೂ ಕಂಪನಿ ಬದಲಾಯಿಸಬೇಡಿ’ ಅಂದಿದ್ದಾರೆ. ಆದರೆ ನನ್ನ ಬಿಪಿ ಮಾತ್ರೆ ಬದಲಾದರೆ ಪರವಾಗಿಲ್ಲ ಅನ್ನುತ್ತಾರೆ. ಅವನಿಗೊಂದು ನ್ಯಾಯ, ನನಗೊಂದು ನ್ಯಾಯವೇ?

ಡಾಕ್ಟರು ಹೇಳಿದ್ದು ಎರಡೂ ಸರಿ.

ಬಿಪಿ ಮಾತ್ರೆ ರಕ್ತದಲ್ಲಿ ಸ್ವಲ್ಪ ಆಚೀಚೆಯಾದರೆ ಮೈ ತಡೆದುಕೊಳ್ಳುತ್ತದೆ. ಫೆನಿಟಾಯಿನ್ ಹಾಗಲ್ಲ. ಸಾಲದೆ ಹೋದರೆ ಫಿಟ್ಸ್, ಜಾಸ್ತಿಯಾದರೆ ತಲೆ ತಿರುಗುವುದು, ತೂರಾಡುವುದು, ಮಾತು ತೊದಲುವುದು. ಎರಡರ ನಡುವಿನ ದಾರಿ ಬಹಳ ಕಿರಿದು. ಇದಕ್ಕೆ ಇನ್ನೊಂದು ಕೆಟ್ಟ ಗುಣ ಇದೆ. ಒಂದು ಮಟ್ಟ ದಾಟಿದ ಮೇಲೆ ಲಿವರ್ ಕೈಚೆಲ್ಲುತ್ತದೆ. ಔಷಧ ಸ್ವಲ್ಪ ಏರಿದರೆ ರಕ್ತದಲ್ಲಿ ಸ್ವಲ್ಪ ಏರುವುದಿಲ್ಲ, ನೆಗೆಯುತ್ತದೆ.

ಇದಕ್ಕೆ ಹಳೆಯ ಸಾಕ್ಷಿ 1968ರದು. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೆನಿಟಾಯಿನ್ ತಗೊಳ್ಳುತ್ತಿದ್ದವರು ಒಬ್ಬರ ಹಿಂದೊಬ್ಬರು ತೂರಾಡುತ್ತಾ ಆಸ್ಪತ್ರೆಗೆ ಬಂದರು. ಯಾರೂ ಜಾಸ್ತಿ ನುಂಗಿರಲಿಲ್ಲ. ಕ್ಯಾಪ್ಸೂಲಿನಲ್ಲಿ ಔಷಧ ಮೊದಲಿನಷ್ಟೇ ಇತ್ತು. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಗಾತ್ರ ತುಂಬಲು ಹಾಕುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬಿಟ್ಟು ಲ್ಯಾಕ್ಟೋಸ್ ಹಾಕಿದ್ದರು. ಕ್ಯಾಲ್ಸಿಯಂ ಇದ್ದಾಗ ಔಷಧದ ಒಂದು ಪಾಲು ರಕ್ತಕ್ಕೇ ಹೋಗುತ್ತಿರಲಿಲ್ಲ. ಡಾಕ್ಟರುಗಳು ಆ ನಷ್ಟವನ್ನೂ ಸೇರಿಸಿ, ಗೊತ್ತಿಲ್ಲದೆಯೇ, ಪ್ರಮಾಣ ಹೊಂದಿಸಿದ್ದರು. ಲ್ಯಾಕ್ಟೋಸ್ ಬಂದ ಮೇಲೆ ತಡೆ ಹೋಯಿತು, ವಿಷವೇರಿತು. ಹೊಸ ಕ್ಯಾಪ್ಸೂಲ್ ಕಳಪೆಯೇ? ಅಲ್ಲ. ಒಂದು ಲೆಕ್ಕದಲ್ಲಿ ಹಳೆಯದಕ್ಕಿಂತ ಚೆನ್ನಾಗಿತ್ತು. ನಿಮ್ಮ ಮಗನ ವಿಷಯದಲ್ಲೂ ಹೆದರಿಕೆ ಕಳಪೆ ಮಾತ್ರೆಯದೊಂದೇ ಅಲ್ಲ. ಇನ್ನೂ ಚೆನ್ನಾಗಿ ಕರಗುವ ಮಾತ್ರೆ ಬಂದರೂ ಕಷ್ಟವೇ.

ಹೃದಯದ ಔಷಧ ಡಿಜಾಕ್ಸಿನ್‌ದು ಇನ್ನೂ ಗಾಬರಿ ಹುಟ್ಟಿಸುವ ಕಥೆ. 1971ರಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ಕಂಪನಿಯ ಮಾತ್ರೆ ಕೊಟ್ಟು ರಕ್ತ ಪರೀಕ್ಷಿಸಿದರೆ ಏಳು ಪಟ್ಟಿನವರೆಗೆ ವ್ಯತ್ಯಾಸ ಕಂಡಿತು. ಒಂದೇ ಕಂಪನಿಯ ಎರಡು ಬ್ಯಾಚಿನ ನಡುವೆಯೂ ವ್ಯತ್ಯಾಸ ಇತ್ತು. ನಾನು ಹೇಳಿದ ಕರಗಿಸುವ ಪರೀಕ್ಷೆಗೆ ಆಮೇಲೆ ಬೆಲೆ ಬಂದದ್ದು ಇಂಥ ಪೆಟ್ಟುಗಳಿಂದಲೇ.

ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಮೂರ್ಛೆ ರೋಗದ ಔಷಧಗಳನ್ನು ಮೂರು ಗುಂಪು ಮಾಡಿತು. ಫೆನಿಟಾಯಿನ್, ಕಾರ್ಬಮಜಪೀನ್, ಫಿನೋಬಾರ್ಬಿಟಾಲ್, ಪ್ರಿಮಿಡೋನ್ ಈ ನಾಲ್ಕು ಮೊದಲ ಗುಂಪು. ರೋಗಿಗೆ ಒಂದೇ ತಯಾರಕರ ಔಷಧ ಸಿಗುವಂತೆ ನೋಡಿಕೊಳ್ಳಿ ಎಂದು ಸಲಹೆ. ಲೆವೆಟಿರಾಸಿಟಮ್ ಮೂರನೆಯ ಗುಂಪಿನಲ್ಲಿದೆ, ಅದಕ್ಕೆ ಸಾಮಾನ್ಯವಾಗಿ ಆ ಚಿಂತೆ ಬೇಡ. ಬೇರೆ ರೋಗಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಕಿಡ್ನಿ ಕಸಿ ಆದವರ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್, ಮೊದಲ ಪತ್ರದ ಥೈರಾಯ್ಡ್ ಔಷಧ, ಇವೆಲ್ಲ ಇದೇ ಕಿರಿದಾದ ದಾರಿಯವು.

ಮಗನ ಮಾತ್ರೆ ಮುಗಿಯುವ ಹತ್ತು ದಿನ ಮುಂಚೆಯೇ ಮುಂದಿನದು ತಂದಿಡಿ. ಕೊನೆಯ ದಿನ ಹೋದಾಗಲೇ ‘ಅದಿಲ್ಲ, ಇದಿದೆ’ ಶುರುವಾಗುವುದು. ಅದೇ ಕಂಪನಿಯದು ಸಿಗಲೇ ಇಲ್ಲವೆಂದರೆ ಇನ್ನೊಂದು ಕಂಪನಿಯದನ್ನು ಕೊಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ. ಮಾತ್ರೆ ತಪ್ಪಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ: ನಮ್ಮ ಅತ್ತೆಗೆ 78. ಬಿಳಿ ಮಾತ್ರೆ ಗುಲಾಬಿ ಆಗಿದೆ ಅಂತ ನುಂಗುವುದನ್ನೇ ನಿಲ್ಲಿಸಿಬಿಟ್ಟಿದ್ದರು. ನಮಗೆ ಗೊತ್ತಾಗಿದ್ದು ಹದಿನೈದು ದಿನದ ಮೇಲೆ. ಬಣ್ಣ ಬದಲಾದರೆ ಔಷಧದ ಗುಣವೂ ಬದಲಾಗುತ್ತದೆಯೇ?

ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ. ಬಣ್ಣಕ್ಕೂ ಅತ್ತೆಗೂ ಇದೆ.

ಅವರೊಬ್ಬರೇ ಅಲ್ಲ. ಅಮೆರಿಕದಲ್ಲಿ ಹೃದಯಾಘಾತ ಆದವರನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಮಾತ್ರೆಯ ಬಣ್ಣ ಬದಲಾದಾಗ ನಿಲ್ಲಿಸುವ ಸಂಭವ 34 ಪರ್ಸೆಂಟ್ ಹೆಚ್ಚಿತ್ತು, ಆಕಾರ ಬದಲಾದಾಗ 66 ಪರ್ಸೆಂಟ್. ನುಂಗದ ಮಾತ್ರೆ ಎಷ್ಟು ಒಳ್ಳೆಯ ಕಂಪನಿಯದಾದರೇನು!

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಡಬ್ಬಿಯಲ್ಲಿ ಬಿಳಿಯದೂ ಉಳಿದಿರುತ್ತದೆ, ಗುಲಾಬಿಯದೂ ಬಂದಿರುತ್ತದೆ. ಎರಡೂ ಬೇರೆ ಬೇರೆ ಎಂದು ಎರಡನ್ನೂ ನುಂಗುತ್ತಾರೆ. ಹಾಗಾಗಿ ಬ್ರ್ಯಾಂಡಿನ ಹೆಸರಲ್ಲ, ಒಳಗಿನ ಔಷಧದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಡಬ್ಬಿಯ ಮೇಲೆ ಅಂಟಿಸಿ. ಹೊಸ ಸ್ಟ್ರಿಪ್ ಬಂದಾಗ ಅತ್ತೆಯ ಎದುರಿಗೇ ಹಳೆಯದನ್ನು ಎತ್ತಿಡಿ.

ಪ್ರಶ್ನೆ: ಒಳ್ಳೆಯ ಕಂಪನಿ ಎಂದು ಗುರುತಿಸುವುದು ಹೇಗೆ? ದೊಡ್ಡ ಹೆಸರಿನ ಕಂಪನಿಯದನ್ನೇ ತಗೊಂಡರೆ ಸಾಕಲ್ಲವೇ?

ಸಾಲದು. ನಮ್ಮ ದೇಶದ ಔಷಧ ಕಂಪನಿ ರ್‍ಯಾನ್‌ಬ್ಯಾಕ್ಸಿ ಸಣ್ಣ ಹೆಸರೇ? 2013ರಲ್ಲಿ ಅದರ ಅಮೆರಿಕದ ಅಂಗಸಂಸ್ಥೆ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರ ಸೇರಿ 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಪರೀಕ್ಷೆಯ ದಾಖಲೆಗಳೇ ಸುಳ್ಳು ಎಂದು ಬಯಲಿಗೆ ತಂದವರು ಅಲ್ಲೇ ಕೆಲಸ ಮಾಡಿದ್ದ ದಿನೇಶ್ ಠಾಕೂರ್. ಮಾತ್ರೆ ನೋಡಿ, ಸ್ಟ್ರಿಪ್ ನೋಡಿ ಅದು ಯಾರಿಗೂ ತಿಳಿಯುವಂತಿರಲಿಲ್ಲ.

ಹೆಸರು ಬೇರೆ ಇದ್ದ ಮಾತ್ರಕ್ಕೆ ಮಾಲು ಬೇರೆ ಇರಬೇಕೆಂದೂ ಇಲ್ಲ. 2018ರಲ್ಲಿ ವಾಲ್ಸಾರ್ಟನ್ ಅನ್ನುವ ಬಿಪಿ ಔಷಧದಲ್ಲಿ ಎನ್‌ಡಿಎಂಎ ಸಿಕ್ಕಿತು. ಕ್ಯಾನ್ಸರ್ ತರಬಹುದಾದ ವಸ್ತು. ಹತ್ತಾರು ದೇಶಗಳಲ್ಲಿ ಹತ್ತಾರು ಕಂಪನಿಗಳು ಮಾತ್ರೆ ವಾಪಸ್ ತೆಗೆದವು. ಮೊದಲು ಬೆಳಕಿಗೆ ಬಂದದ್ದು ಚೀನಾದ ಒಂದೇ ಕಾರ್ಖಾನೆಯ ಕಚ್ಚಾ ಔಷಧ. ಅಲ್ಲಿ ಕೆಲವು ವರ್ಷದ ಹಿಂದೆ ತಯಾರಿಕೆಯ ದ್ರಾವಕ ಬದಲಾಯಿಸಿದ್ದರು. ಅದರಿಂದ ಹೊಸ ಕಶ್ಮಲ ಹುಟ್ಟಬಹುದೆಂದು ಯಾರಿಗೂ ಹೊಳೆಯಲಿಲ್ಲ, ಹಾಗಾಗಿ ಯಾರೂ ಅದನ್ನು ಹುಡುಕಲೂ ಇಲ್ಲ. ಅಲ್ಲಿಯವರೆಗೆ ಎಲ್ಲ ಪರೀಕ್ಷೆಯಲ್ಲೂ ಪಾಸ್.

ನಿಮ್ಮ ಕೈಯಲ್ಲಿ ಇರುವುದು ಸ್ವಲ್ಪವೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಕೆಲವೊಮ್ಮೆ ಎರಡು ಹೆಸರು ಇರುತ್ತವೆ. ಒಂದು ಮಾರುವವರದು, ಒಂದು ತಯಾರಿಸಿದವರದು. ನೀವು ‘ಅದೇ ಕಂಪನಿ’ ಎಂದು ಕೊಳ್ಳುವುದು ಮಾರುವವರ ಹೆಸರು ನೋಡಿ. ತಯಾರಿಸುವವರು ನಡುವೆ ಬದಲಾಗಿರಬಹುದು. ಕಿರಿದಾದ ದಾರಿಯ ಔಷಧಗಳಲ್ಲಿ ಆ ಎರಡನೆಯ ಹೆಸರನ್ನೂ ಓದಿ.

ಆಸ್ಪಿರಿನ್ ಸ್ಟ್ರಿಪ್ ಬಿಚ್ಚಿದಾಗ ವಿನೆಗರ್ ವಾಸನೆ ಹೊಡೆದರೆ ತೇವ ಹೊಕ್ಕು ಕೆಡುತ್ತಿದೆ ಅಂತ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಇರುವ ಮಾತ್ರೆಗೆ ಕಂದು ಕಲೆ ಬಿದ್ದಿದ್ದರೆ, ಸ್ಟ್ರಿಪ್ ಉಬ್ಬಿದ್ದರೆ ಬೇಡ ಅನ್ನಿ. ಕಾರ್ಬಮಜಪೀನ್ ಮಾತ್ರೆಯನ್ನು ಬಚ್ಚಲುಮನೆಯ ಕಪಾಟಿನಲ್ಲಿ ಇಡಬೇಡಿ. ತೇವ ಕುಡಿದು ಗಟ್ಟಿಯಾದರೆ ಅದರ ಮೂರನೆಯ ಒಂದು ಭಾಗದಷ್ಟು ಶಕ್ತಿ ಹೋಗಬಹುದು ಎಂದು ಎಫ್‌ಡಿಎ ಹಿಂದೆಯೇ ಎಚ್ಚರಿಸಿತ್ತು. ಕಂಪನಿ ಚೆನ್ನಾಗಿಯೇ ಮಾಡಿ ಕಳಿಸಿದ ಮಾತ್ರೆಯನ್ನು ನಾವೇ ಮನೆಯಲ್ಲಿ ಕೆಡಿಸಿ ಅವರನ್ನು ಬೈಯುವುದೂ ಉಂಟು.

ಬ್ಯಾಚ್ ನಂಬರ್ ಇರುವ ತುದಿಯನ್ನು ಕೊನೆಯ ಮಾತ್ರೆಯವರೆಗೆ ಹರಿಯಬೇಡಿ. ದೂರು ಕೊಡಬೇಕಾದರೆ ಅದೊಂದೇ ಆಧಾರ. ನಂಬರ್ ಇಲ್ಲದ ದೂರು ನಮ್ಮ ಲ್ಯಾಬಿಗೆ ಬಂದರೆ ನಾವು ಯಾವ ಸ್ಯಾಂಪಲ್ ತೆಗೆದು ನೋಡಬೇಕಿತ್ತು ಹೇಳಿ?

ಪ್ರಶ್ನೆ: ಇಷ್ಟೆಲ್ಲ ನೋಡಿದ ನೀವು ಯಾವುದನ್ನು ನುಂಗುತ್ತೀರಿ ಮೇಡಂ? ನಿಜ ಹೇಳಿ.

ನನಗೆ ಬಿಪಿ ಇದೆ, ಆಮ್ಲೋಡಿಪಿನ್ ನುಂಗುತ್ತೇನೆ. ಜೆನೆರಿಕ್ಕೇ. ಯಾವ ಕಂಪನಿಯದು ಸಿಕ್ಕರೆ ಅದು. ಒಂದು ವರ್ಷದಲ್ಲಿ ನಾಲ್ಕು ಕಂಪನಿ ಬದಲಾದದ್ದುಂಟು, ಬಿಪಿ ಅಲ್ಲಾಡಿಲ್ಲ. ವಾರಕ್ಕೊಮ್ಮೆ ಮನೆಯಲ್ಲೇ ನೋಡಿಕೊಳ್ಳುತ್ತೇನೆ.

ನಮ್ಮ ಯಜಮಾನರದು ವಾರ್ಫರಿನ್. ಅದು ಹನ್ನೊಂದು ವರ್ಷದಿಂದ ಒಂದೇ ತಯಾರಕರದು. ಹೋದ ವರ್ಷ ಒಮ್ಮೆ ಸಿಗಲಿಲ್ಲ, ಬೇರೆಯದು ತಂದೆವು. ಬದಲಾಯಿಸುವ ಮುಂಚೆ ಒಂದು ರಕ್ತ ಪರೀಕ್ಷೆ, ಒಂದು ವಾರ ಬಿಟ್ಟು ಇನ್ನೊಂದು. ರಕ್ತ ಹೆಪ್ಪುಗಟ್ಟುವ ಹೊತ್ತಿನ ಅಳತೆಯಾದ ಐಎನ್‌ಆರ್ 2.5 ಇದ್ದದ್ದು 2.6 ಬಂತು. ‘ಇಷ್ಟಕ್ಕೆ ಎರಡು ಸಲ ಸೂಜಿ ಚುಚ್ಚಿಸಿದೆಯಾ’ ಅಂತ ಅವರು ಇವತ್ತಿಗೂ ಗೊಣಗುತ್ತಾರೆ.